ಸೊಸೆ ಹೇಳದ ಹೆಸರು

"ಬೂಟು ಬಿಚ್ಚೋವಾಗ ಕೋಪಾನೂ ಇಲ್ಲೇ ಬಿಚ್ಚಿಡು," ಎಂದರು ಜಂಗಿಲ್ ಎಜೆ. "ಒಳಗೆ ಹೋದ್ಮೇಲೆ ನಾನು ಕೆಮ್ಮೋವರೆಗೂ ಬಾಯಿ ಬಿಡ್ಬೇಡ. ಕೆಮ್ಮಿದ್ಮೇಲೆ ಮುಚ್ಬೇಡ."

ಮೇರಿಮ್ ಬೂಟು ಬಿಚ್ಚಿದಳು. ಕೋಪ ಹಾಗೇ ಇತ್ತು.

ಇಳಿಯುವುದಾದರೂ ಹೇಗೆ? ಗಾಯಕ ತಾಲಾಯ್‌ನ ಅಂಗಳದಲ್ಲಿ ನೂರೂಜ್ ಹಬ್ಬದ ಸಿಹಿ, ಸುಮೋಲೊಕ್, ಬೇಯುತ್ತಿತ್ತು. ನೆರೆಮನೆಯ ಹೆಂಗಸರು ಕೊಪ್ಪರಿಗೆಯ ಸುತ್ತ ನಿಂತು, ಮೊಳಕೆ ಗೋಧಿಯ ಹಿಟ್ಟು ತಳ ಹಿಡಿಯದಂತೆ ಸರದಿಯ ಮೇಲೆ ತಿರುವುತ್ತಿದ್ದರು. ಅವರ ಪಕ್ಕದ ಸ್ಪೀಕರಿನಲ್ಲಿ ಹಾಡು ಬರುತ್ತಿತ್ತು. ಹಾಡಿನ ಹೆಸರು 'ಹೊಸ್ತಿಲಾಚೆ'. ದನಿ ತಾಲಾಯ್‌ನದು. ದನಿಯ ಹಿಂದೆ ಮಿಡಿಯುತ್ತಿದ್ದ ಕೊಮುಜ್‌ನ ಮೂರು ತಂತಿಗಳ ಮೇಲೆ ಆಡಿದ್ದು ಮಾತ್ರ ಮೇರಿಮ್‌ಳ ಬೆರಳು. ತನ್ನ ಕೈ ತನಗೆ ಗೊತ್ತಾಗದೆ ಇರುತ್ತದೆಯೇ?

ಕಳ್ಳತನ ನಡೆದ ಬಗೆ ಹೋದ ವಾರವೇ ಬಯಲಾಗಿತ್ತು. ಒಂದು ಮದುವೆ ಹಾಲ್‌ನಲ್ಲಿ ಹಾಡಲು ಹೋದ ಮೇರಿಮ್ ಎಲ್ಲ ಗಾಯಕರೂ ಮಾಡುವಂತೆ ತನ್ನ ಪೆನ್‌ಡ್ರೈವನ್ನು ಸೌಂಡಿನವನ ಕೈಗೆ ಕೊಟ್ಟಿದ್ದಳು. ಅವನೂ ಎಲ್ಲ ಸೌಂಡಿನವರಂತೆ ಅದರಲ್ಲಿದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ. ಅಲ್ಲಿಂದ ಹಾಡು ತಾಲಾಯ್‌ನ ಸ್ಟುಡಿಯೋ ಸೇರಿತ್ತು. ಈಗ ಸೌಂಡಿನವನನ್ನು ಕೇಳಿದರೆ ಮೇರಿಮ್ ಯಾರೆಂದೇ ಗೊತ್ತಿಲ್ಲ ಎನ್ನುತ್ತಾನೆ.

ಸ್ವತಂತ್ರ ಕಲಾವಿದೆ ಎಂದು ಮೇರಿಮ್ ತನ್ನನ್ನು ಕರೆದುಕೊಳ್ಳುತ್ತಿದ್ದಳು. ಕೇಳಲು ಚೆನ್ನಾಗಿರುವ ಮಾತು. ಅಂದರೆ ಹಾಡುವುದೂ ಅವಳೇ, ಕಂಬಳಿ ಹೊದ್ದ ಕೋಣೆಯಲ್ಲಿ ಮುದ್ರಿಸಿಕೊಳ್ಳುವುದೂ ಅವಳೇ, ಮದುವೆ ಹಾಲಿನ ಹಿಂಬಾಗಿಲಲ್ಲಿ ಸರದಿಗಾಗಿ ಕಾಲು ನೋಯಿಸಿಕೊಂಡು ನಿಲ್ಲುವುದೂ ಅವಳೇ. ಕೊನೆಗೆ ಹಾಡು ಕದ್ದುಹೋದರೆ ಕಳ್ಳನ ಬಾಗಿಲು ತಟ್ಟುವುದೂ ಅವಳೇ.

ಈ ವ್ಯಾಪಾರದ ಒಳಗುಟ್ಟು ಅವಳಿಗೆ ತಿಳಿದದ್ದು ಪೆಟ್ಟು ಬಿದ್ದ ಮೇಲೆ. ಇಂಟರ್ನೆಟ್ಟಿನಲ್ಲಿ ಹಾಡು ಹಂಚುವ ಕಂಪನಿಗಳಿಗೆ ಹಾಡು ಯಾರ ಮನೆಯಲ್ಲಿ ಹುಟ್ಟಿತು ಎಂಬುದು ಬೇಕಿಲ್ಲ. ಮೊದಲು ಯಾರು ನೋಂದಾಯಿಸಿದರೋ ಅವರದ್ದು. ಮೇರಿಮ್ ಇನ್ನಷ್ಟು ತಿದ್ದಿ ಹಾಕೋಣ ಎಂದು ತಡಮಾಡಿದಳು. ತಾಲಾಯ್ ತಡಮಾಡಲಿಲ್ಲ. ಅವಳು ಹಾಕಿದ ದಿನವೇ ಕಂಪನಿಯ ಯಂತ್ರ ಎರಡನ್ನೂ ಹೋಲಿಸಿ ನೋಡಿ, ಅವಳ ಕೊಮುಜ್ ತಾಲಾಯ್‌ನದು ಎಂದು ತೀರ್ಮಾನಿಸಿ, ಅವಳ ಹಾಡನ್ನೇ ಕಿತ್ತೆಸೆಯಿತು. ಯಂತ್ರದ ಲೆಕ್ಕದಲ್ಲಿ ಅವಳೇ ಕಳ್ಳಿ. ಅದರ ಮೇಲೆ ತಾಲಾಯ್ ದೂರನ್ನೂ ಕೊಟ್ಟಿದ್ದ.

ಇವತ್ತು ಸಂಜೆಯೊಳಗೆ ಹಾಡು ತನ್ನದೆಂದು ತೋರಿಸದಿದ್ದರೆ ಖಾತೆಯೇ ಮುಚ್ಚುತ್ತದೆ. ಇಷ್ಟು ವರ್ಷ ಅವಳು ಹಾಡಿದ್ದೆಲ್ಲ ಅದರ ಜೊತೆಗೇ ಅಳಿಸಿಹೋಗುತ್ತದೆ. ನಾಳೆ ಹಬ್ಬ. ಬಿಶ್ಕೆಕ್‌ನ ದೊಡ್ಡ ಚೌಕದಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ, ತಾಲಾಯ್ ಈ ಹಾಡು ಹಾಡುತ್ತಾನೆ. ಆಮೇಲೆ ಅವಳು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ.

"ಬನ್ನಿ ಬನ್ನಿ," ಎಂದು ತಾಲಾಯ್ ಒಳಗಿನಿಂದ ಕರೆದ.

ಐವತ್ತರ ಹತ್ತಿರದ ಮನುಷ್ಯ. ಊರಿನ ದೊಡ್ಡ ಮದುವೆಗಳೆಲ್ಲ ಅವನ ಮುಷ್ಟಿಯಲ್ಲಿದ್ದವು. ಮನೆಯಲ್ಲಿ ಕೂತಾಗಲೂ ವೇದಿಕೆಯ ನಗು ಮುಖದಿಂದ ಇಳಿಯುತ್ತಿರಲಿಲ್ಲ. ಚಹಾ ಬಗ್ಗಿಸಿ, ರೊಟ್ಟಿಯ ತಟ್ಟೆಯನ್ನು ಇವರತ್ತ ತಳ್ಳಿದ.

"ಮೊದಲು ಬಾಯಿಗೆ ಹಾಕ್ಕೊಳ್ಳಿ. ಬೈಯೋದು ಆಮೇಲೆ."

ಜಂಗಿಲ್ ಎಜೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಮೇರಿಮ್ ಮುಟ್ಟಲಿಲ್ಲ. ಯಾರ ಹೊಸ್ತಿಲು ತುಳಿದರೂ ರೊಟ್ಟಿಯ ಚೂರು ಮುರಿಯದೆ ಏಳುವುದೆಂದರೆ ಮನೆಯವರ ಕೆನ್ನೆಗೆ ಹೊಡೆದಂತೆ. ಅದು ಗೊತ್ತಿದ್ದೇ ಅವಳು ಕೈಕಟ್ಟಿ ಕೂತಳು.

"ಯಾಕಮ್ಮ, ಬೇಡ್ವಾ?"

"ಹಾಡು ನುಂಗಿದವರ ಮನೆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲ್ಲ."

"ನಾನಿನ್ನೂ ಕೆಮ್ಮಿಲ್ಲ," ಎಂದರು ಜಂಗಿಲ್ ಎಜೆ, ರೊಟ್ಟಿ ಅಗಿಯುತ್ತಲೇ.

ಎಲ್ಲರೂ ಎಜೆ, ಅಂದರೆ ಅಕ್ಕ, ಎನ್ನುವ ಈಕೆ ಪೊಲೀಸ್ ಇಲಾಖೆಯಲ್ಲಿ ಕೊಲೆಗಾರರ ಬಾಯಿ ಬಿಡಿಸಿ ನಿವೃತ್ತರಾದ ಹೆಂಗಸು; ಮೇರಿಮ್ ನೆರವಿಗೆ ಕರೆತಂದಿದ್ದಳು. ಮಂಡಿ ಕೈಕೊಟ್ಟಿತ್ತು, ನಾಲಿಗೆ ಇನ್ನೂ ಕೈಕೊಟ್ಟಿರಲಿಲ್ಲ. ಫೋನನ್ನು ಚಹಾದ ಬಟ್ಟಲುಗಳ ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟರು.

"ಮಾತು ರೆಕಾರ್ಡ್ ಆಗ್ತಿದೆ, ತಾಲಾಯ್. ಕದ್ದು ಮಾಡಿದ್ರು ಅಂತ ಆಮೇಲೆ ಅನ್ಬೇಡ."

"ಮಾಡ್ಕೊಳ್ಳಿ ಎಜೆ. ನನ್ನ ದನಿ ರೆಕಾರ್ಡ್ ಮಾಡೋಕೆ ಜನ ಸಾಲು ನಿಲ್ತಾರೆ." ಅವನು ಮೇರಿಮ್ ಕಡೆ ತಿರುಗಿದ. "ನೋಡು ತಂಗಿ, ಒಂದು ಪಾಠ ಪುಕ್ಕಟೆ ಹೇಳ್ಕೊಡ್ತೀನಿ. ಹಾಡಿಗೆ ಎರಡು ಯಜಮಾನಿಕೆ ಇರುತ್ತೆ. ಮಾತು ಧಾಟಿ ಒಬ್ಬರದ್ದು, ಮುದ್ರಿಸಿದ ದನಿ ಇನ್ನೊಬ್ಬರದ್ದು. ಎರಡೂ ಒಬ್ಬರದ್ದೇ ಆಗಿರಬಹುದು, ಆಗದೇನೂ ಇರಬಹುದು. ಎರಡೂ ನನ್ನ ಹೆಸರಲ್ಲಿದೆ. ನಿನ್ನ ಹತ್ರ ಅದರಲ್ಲಿ ಒಂದಾದ್ರೂ ಇದೆಯಾ?"

"ನನ್ನ ಹತ್ರ ಬೆರಳಿದೆ."

"ಬೆರಳಿಗೆ ಯಾರೂ ಸಹಿ ಹಾಕಿ ಕೊಡಲ್ಲ." ಅವನ ದನಿ ಮೆತ್ತಗಾಯಿತು. "ನನಗೆ ನಿನ್ನ ಮೇಲೆ ಹಟ ಇಲ್ಲಮ್ಮ. ನಿನ್ನ ಕೈ ಚೆನ್ನಾಗಿದೆ. ನಮ್ಮ ಸ್ಟುಡಿಯೋಗೆ ಬಂದ್ಬಿಡು. ನಾಳೆ ಚೌಕದಲ್ಲಿ ನನ್ನ ಹಿಂದೆ ಕೂತು ಕೊಮುಜ್ ನುಡಿಸು. ದೂರು ನಾನೇ ವಾಪಸ್ ತಗೋತೀನಿ. ಪೋಸ್ಟರಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ, ಕೆಳಗಡೆ."

ಒಂದು ಗಳಿಗೆ ಅವಳಿಗೆ ಆಸೆಯಾಯಿತು. ಯಾಕಾಗಬಾರದು? ಹಿಂಬಾಗಿಲಲ್ಲಿ ನಿಂತು ನಿಂತು ಸಾಕಾಗಿತ್ತು. ಬೆಟ್ಟದ ಕಡೆಯ ಆತ್‌ಬಾಶಿಯಲ್ಲಿ ಅಮ್ಮ ಟಿವಿ ಹಾಕಿಕೊಂಡು ಕೂತು, ಜನರ ನಡುವೆ ಮಗಳ ಮುಖ ಹುಡುಕುವುದು ಕಣ್ಣಿಗೆ ಕಟ್ಟಿತು. ಆಮೇಲೆ ಅವಳ ಕಣ್ಣು ತಾಲಾಯ್‌ನ ನಗುವಿನ ಮೇಲೆ ಬಿತ್ತು. ಕೊಟ್ಟು ಮುಗಿಸಿದವನ ನಗು ಅದು, ಅವಳು ಒಪ್ಪಿಯೇ ಒಪ್ಪುತ್ತಾಳೆ ಎಂದು ಗೊತ್ತಿರುವವನ ನಗು. ಆಸೆ ಅಲ್ಲಿಗೇ ಸತ್ತಿತು.

"ನಾನು ಯಾರ ಹಿಂದೆ ಕೂತೂ ನುಡಿಸಲ್ಲ. ನನ್ನ ಹೆಸರು ಎಲ್ಲಿರಬೇಕು ಅಂತ ನಾನು ನೋಡ್ಕೋತೀನಿ. ಖಾತೆ ಮುಚ್ಚಿದ್ರೆ ಬಜಾರಿನಲ್ಲಿ ನಿಂತು ಹಾಡ್ತೀನಿ. ಅಲ್ಲಿಗೂ ಬಂದು ನನ್ನ ಬಾಯಿ ಮುಚ್ಚಿಸ್ತೀರಾ?"

ಜಂಗಿಲ್ ಎಜೆ ಕೆಮ್ಮಿದರು.

ಮೇರಿಮ್ ಉಸಿರೆಳೆದುಕೊಂಡಳು. ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿಕೊಂಡು ಬಂದಿದ್ದರು ಎಜೆ.

"ತಾಲಾಯ್ ಬಾಯ್ಕೆ, ಅಣ್ಣ ಅಂತಲೇ ಕರೆದು ಒಂದೇ ಒಂದು ಕೇಳ್ತೀನಿ. ಹಾಡಿನ ತುಂಬ ದಾರಿಯ ಮಾತೇ. ಆದ್ರೆ ದಾರಿ ಅನ್ನೋ ಪದ ಒಂದು ಸಲಾನೂ ಬರಲ್ಲ. ಎಲ್ಲ ಕಡೆ 'ಸವೆದದ್ದು' ಅಂತಿದೆ. ಯಾಕೆ?"

ಜನ ಮರುಳಾಗಿದ್ದದ್ದೇ ಆ ಪದಕ್ಕೆ. ಹುಡುಗರು ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡುತ್ತಿದ್ದರು. ಹೆಣ್ಣು ಕಳಿಸುವ ಹೊತ್ತಿಗೆ 'ಸವೆದದ್ದೇ, ನನ್ನ ಕೂಸನ್ನು ಮೆಲ್ಲಗೆ ಹೊತ್ತುಕೊಂಡು ಹೋಗು' ಎಂಬ ಸಾಲು ಬಂದರೆ ಸಾಕು, ಕಲ್ಲಿನಂಥ ಅಪ್ಪಂದಿರೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಟಿವೀಲಿ ಹೇಳಿದೀನಲ್ಲ," ಎಂದ ತಾಲಾಯ್. "ತೋ-ಆಶೂ ಘಟ್ಟ ಹತ್ತೋವಾಗ ಹೊಳೀತು. ಹಿಮ, ಲಾರಿಗಳು, ಚಕ್ರ ಉಜ್ಜಿ ಉಜ್ಜಿ ಸವೆದ ರಸ್ತೆ. ಕಣ್ಣಲ್ಲಿ ನೀರು ಬಂತು. ಕಾರು ನಿಲ್ಲಿಸಿ ಬರೆದೆ."

"ಸುಳ್ಳು. ಅದು ಯಾರಿಗೂ ಹೊಳೆದ ಪದ ಅಲ್ಲ. ನಮ್ಮಜ್ಜಿ ಉಮ್ಸುನ್ ಆತ್‌ಬಾಶಿಯವರು. ಅವರ ಮಾವನ ಹೆಸರು ಜೋಲ್ಚು. ಆ ಹೆಸರಿನೊಳಗೆ ಜೋಲ್ ಇದೆ, ಅಂದ್ರೆ ದಾರಿ ಇದೆ."

ಮುಂದಿನದನ್ನು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತುವಂತಿಲ್ಲ. ಹೆಸರಿರಲಿ, ಹೆಸರಿನೊಳಗಿರುವ ಪದವನ್ನೂ ನಾಲಿಗೆ ಮೇಲೆ ತರುವಂತಿಲ್ಲ. ಅದಕ್ಕೆ ಬದಲು ಇನ್ನೊಂದು ಪದ ಹೊಂದಿಸಿಕೊಂಡು ಬದುಕು ಮುಗಿಸಬೇಕು. ಬೆಟ್ಟದ ಕಡೆಯ ಹಳೆಯ ಹೆಂಗಸರೆಲ್ಲ ಹಾಗೇ ಮುಗಿಸಿದವರು.

"ಅಜ್ಜಿ ಸಾಯೋವರೆಗೂ ದಾರಿಗೆ ಸವೆದದ್ದು ಅಂತಲೇ ಅಂದ್ರು," ಎಂದಳು ಮೇರಿಮ್. "ಕಂಬಳಿಗೆ ಉಣ್ಣೆ ಬಡೀತಾ ಈ ಹಾಡು ಗುನುಗ್ತಿದ್ರು. ನೀವು ಹಾಡು ಕದ್ರಿ. ನಮ್ಮಜ್ಜಿ ಮಾವನಿಗೆ ಕೊಟ್ಟ ಮರ್ಯಾದೇನೂ ಅದರ ಜೊತೆ ಕದ್ರಿ."

"ಪ್ರತಿ ಕಾರ್ಯಕ್ರಮದಲ್ಲೂ ನಿನ್ನ ಏಳು ತಲೆಮಾರಿನ ಅಜ್ಜಂದಿರ ಹೆಸರು ಹೇಳ್ಕೊಂಡೇ ನೀನು ಹಾಡು ಶುರು ಮಾಡೋದು," ಎಂದರು ಜಂಗಿಲ್ ಎಜೆ. "ಎಲ್ಲರ ಹೆಸರನ್ನೂ ಕೇಳಿಸ್ಕೊಂಡಿದೀನಿ. ಒಬ್ಬರ ಹೆಸರಲ್ಲೂ ಜೋಲ್ ಇಲ್ಲ. ನಿಮ್ಮನೇಲಿ ಈ ಪದ ಹುಟ್ಟೋಕೆ ಕಾರಣಾನೇ ಇಲ್ಲಪ್ಪ."

ಸಿಕ್ಕಿಬಿದ್ದ ಎಂದು ಮೇರಿಮ್ ಅಂದುಕೊಂಡಳು. ತಾಲಾಯ್‌ನ ಮುಖ ಕಪ್ಪಿಡುವುದನ್ನು ನೋಡಲು ಕಾದಳು.

ತಾಲಾಯ್ ನಕ್ಕುಬಿಟ್ಟ. ಈ ಸಲ ವೇದಿಕೆಯ ನಗುವಲ್ಲ, ಹೊಟ್ಟೆಯಿಂದ ಬಂದ ನಗು. ಕಿಟಕಿ ತೆರೆದು ಅಂಗಳದ ಕಡೆ ಕೂಗಿದ.

"ಅಪಾ, ಒಂದ್ನಿಮಿಷ ಒಳಗೆ ಬಾ."

ಅವನ ತಾಯಿ ಸೋನುನ್ ಅಪಾ ಒಳಗೆ ಬಂದರು. ತಲೆಗೆ ಬಿಳಿ ವಸ್ತ್ರ, ಕೊಪ್ಪರಿಗೆಯ ಹೊಗೆಗೆ ಕೆಂಪಾದ ಕಣ್ಣು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ.

"ಇವರು ಹೊರಡ್ತಿದಾರೆ ಅಪಾ. ಡ್ರೈವರ್ ಜೊತೆ ಕಳಿಸ್ತೀನಿ. ಹೊರಗೆ ಹೇಗಿದೆ?"

"ಹಿಮ ಕರಗಿ ಸವೆದದ್ದೆಲ್ಲ ಕೆಸರಾಗಿದೆ. ನಿಧಾನ ಓಡಿಸು ಅನ್ನು," ಎಂದರು ಮುದುಕಿ.

ಮೇರಿಮ್ ತಟ್ಟನೆ ತಲೆಯೆತ್ತಿದಳು.

"ಕೇಳಿಸ್ತಾ?" ಎಂದ ತಾಲಾಯ್. "ನಾನು ಹುಟ್ಟಿದಾಗಿಂದ ನಮ್ಮಮ್ಮ ಹೀಗೇ ಅನ್ನೋದು. ಘಟ್ಟ, ಹಿಮ ಎಲ್ಲ ಟಿವಿಯವರಿಗೆ ಹೇಳಿದ್ದು, ಒಪ್ಕೋತೀನಿ. ಆದ್ರೆ ಪದ ನಮ್ಮನೇದು. ಧಾಟೀನೂ ನಮ್ಮನೇದು. ಒಲೆ ಮುಂದೆ ಅಪಾ ಗುನುಗ್ತಿದ್ದದ್ದು. ಇವಳ ಪೆನ್‌ಡ್ರೈವಲ್ಲಿ ಅದನ್ನ ಕೇಳಿದಾಗ ನನಗೆ ಮೈಯೆಲ್ಲ ಉರೀತು. ನಮ್ಮಮ್ಮನ ಹಾಡು ಈ ಹುಡುಗಿ ಕೈಗೆ ಹೇಗೆ ಬಂತು? ನಾನು ಕದ್ದಿಲ್ಲ ಎಜೆ. ನಮ್ಮನೆ ಹಾಡನ್ನ ನಮ್ಮನೆಗೆ ತಂದೆ."

"ಪೆನ್‌ಡ್ರೈವ್ ಅಂದ್ಯಲ್ಲ, ಅಷ್ಟು ಸಾಕು," ಎಂದು ಜಂಗಿಲ್ ಎಜೆ ಫೋನಿನ ಮೇಲೆ ಬೆರಳಾಡಿಸಿದರು. "ಮುದ್ರಿಸಿದ ದನಿ ಇವಳದ್ದು ಅಂತ ನಿನ್ನ ಬಾಯಲ್ಲೇ ಬಂತು. ಎರಡು ಯಜಮಾನಿಕೇಲಿ ಒಂದು ಇವಳಿಗೆ ವಾಪಸ್ ಬಂದ ಹಾಗಾಯ್ತು."

ತಾಲಾಯ್ ತುಟಿ ಕಚ್ಚಿಕೊಂಡ. ಹೇಳಬಾರದ್ದನ್ನು ಹೇಳಿದ್ದು ಅವನಿಗೆ ಆಗ ಹೊಳೆಯಿತು.

ಗೆದ್ದೆ ಎಂದು ಮೇರಿಮ್‌ಗೆ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಅಜ್ಜಿಯ ಪದ ಬೇರೆಯವರ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಕಿವಿಯಲ್ಲೇ ಕೂತಿತ್ತು. ಅದು ಕಲಿತು ಆಡಿದ ಮಾತಲ್ಲ. ಉಮ್ಸುನ್ ಅಜ್ಜಿಯಂತೆಯೇ, ಆ ಜಾಗಕ್ಕೆ ಬಂದಾಗ ದನಿ ಕೊಂಚ ತಗ್ಗಿಸಿ ಆಡಿದ ಮಾತು.

ಜಂಗಿಲ್ ಎಜೆಯೂ ಅದನ್ನೇ ಕೇಳಿಸಿಕೊಂಡಿದ್ದರು. ಮಂಡಿ ಹಿಡಿದುಕೊಂಡು ಎದ್ದು ಮುದುಕಿಯ ಎದುರು ನಿಂತರು.

"ಅಪಾ, ತಪ್ಪು ತಿಳೀಬೇಡಿ. ಈ ಮನೆ ಹಿರಿಯರ ಹೆಸರಲ್ಲಿ ಜೋಲ್ ಇಲ್ಲ. ಈ ಮನೆ ಸೊಸೆ ಆ ಪದಕ್ಕೆ ಅಂಜಬೇಕಾಗಿಲ್ಲ. ಒಂದು ಸಲ ಹೇಳಿಬಿಡಿ, ಜೋಲ್ ಅಂತ. ನಾವು ಬೂಟು ಹಾಕ್ಕೊಂಡು ಹೊರಟುಬಿಡ್ತೀವಿ."

ಸೋನುನ್ ಅಪಾ ತಲೆವಸ್ತ್ರದ ಅಂಚು ಸರಿಮಾಡಿಕೊಂಡರು.

"ಹೇಳಪಾ," ಎಂದ ತಾಲಾಯ್. "ಒಂದು ಪದ ತಾನೇ?"

ಮುದುಕಿಯ ತುಟಿ ಅಲುಗಿತು. ಪದ ಹೊರಗೆ ಬರಲಿಲ್ಲ. ಅದರ ಬದಲು ಅವರ ಬಲಗೈ ತಾನಾಗಿಯೇ ಮೊಣಕಾಲಿನ ಮೇಲೆ ಹೋಯಿತು, ನೆಟ್ಟಗಿದ್ದ ಬೆನ್ನು ಬಾಗಿತು. ಮಾವ ಎದುರು ಬಂದಾಗ ಸೊಸೆ ಬಾಗುವ ಹಾಗೆ, ಖಾಲಿ ಗೋಡೆಯ ಮುಂದೆ ಅವರು ಬಾಗಿದರು.

ತಾಲಾಯ್‌ನ ನಗು ಆರಿಹೋಯಿತು. ಮೇರಿಮ್ ಕಾದಿದ್ದ ಕಪ್ಪು ಈಗ ಅವನ ಮುಖಕ್ಕೆ ಬಂತು, ಆದರೆ ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಈ ಮನೆಗೆ ಬರೋಕೆ ಮುಂಚೆ," ಜಂಗಿಲ್ ಎಜೆ ಮೆಲ್ಲಗೆ ಕೇಳಿದರು, "ಯಾರ ಮನೆ ಸೊಸೆ ಆಗಿದ್ರಿ ಅಪಾ?"

"ಏನು ಮಾತಾಡ್ತಿದೀರ ನೀವು?" ತಾಲಾಯ್ ಎದ್ದು ನಿಂತ. "ನಮ್ಮಮ್ಮನಿಗೆ ನಮ್ಮಪ್ಪ ಬಿಟ್ಟರೆ..."

"ಕೂತ್ಕೋ," ಎಂದರು ಸೋನುನ್ ಅಪಾ. ಅವನು ಕೂತ.

ಅವರು ಮೇರಿಮ್ ಹತ್ತಿರ ಬಂದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಕೈ ಮೊಳಕೆ ಗೋಧಿಯ ವಾಸನೆ ಹೊಡೆಯುತ್ತಿತ್ತು.

"ಈ ಧಾಟಿ ನನ್ನ ಬಿಟ್ರೆ ಗೊತ್ತಿದ್ದದ್ದು ಒಬ್ಬಳಿಗೇ. ಉಮ್ಸುನ್ ಮೊಮ್ಮಗಳಾ ನೀನು? ಮಗನ ಮಗಳಾ, ಮಗಳ ಮಗಳಾ?"

"ಮಗಳ ಮಗಳು. ಉಮ್ಸುನ್ ಅಜ್ಜಿಗೆ ಇದ್ದದ್ದು ನಮ್ಮಮ್ಮ ಒಬ್ಬಳೇ. ಕಾಲಿಪಾ ಅಂತ."

"ಕಾಲಿಪಾ," ಎಂದರು ಮುದುಕಿ. ಹೆಸರನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡವರಂತೆ ನಿಂತರು. "ಹೆಸರು ಬದಲಾಯಿಸಲಿಲ್ಲ. ಅಷ್ಟು ಒಳ್ಳೇದು ಮಾಡಿದಾಳೆ."

ಆಮೇಲೆ ಅವರು ಹಾಡಿದರು. ನಿಂತಲ್ಲೇ, ಕಣ್ಣು ಮುಚ್ಚದೆ, ಯಾರನ್ನೂ ಒಲಿಸಿಕೊಳ್ಳಲು ನೋಡದೆ. ಧಾಟಿ ಅದೇ. ಮಾತು ಮಾತ್ರ ಮೇರಿಮ್ ಎಂದೂ ಕೇಳದ್ದು.

'ತೊಟ್ಟಿಲು ಬರಿದಾಯಿತು, ಎದೆಯ ಹಾಲು ಬತ್ತಲಿಲ್ಲ. ಸವೆದದ್ದೇ, ನನ್ನನ್ನು ದೂರ ಒಯ್ಯುತ್ತಿ, ನನ್ನ ಕೂಸನ್ನು ಯಾಕೆ ಬಿಟ್ಟೆ.'

ಕಿಟಕಿಯಾಚೆ ಹೆಂಗಸರ ನಗು ನಿಂತಿತ್ತು. ಸ್ಪೀಕರನ್ನು ಯಾರೋ ಆರಿಸಿದ್ದರು.

"ಇದು ಮದುವೆ ಹಾಡಲ್ಲ," ಎಂದರು ಸೋನುನ್ ಅಪಾ. "ಗಂಡ ಸತ್ತ. ಕೂಸಿಗೆ ಹಲ್ಲು ಕೂಡ ಬಂದಿರಲಿಲ್ಲ. ನೀನಿನ್ನೂ ಚಿಕ್ಕವಳು, ಹೋಗು, ಕೂಸು ನಮ್ಮ ವಂಶದ್ದು, ಬಿಟ್ಟು ಹೋಗು ಅಂದ್ರು. ಉಮ್ಸುನ್ ನನ್ನ ವಾರಗಿತ್ತಿ. ಅವಳಿಗೆ ಮಕ್ಕಳಿರಲಿಲ್ಲ. ಅವಳ ತೊಡೆ ಮೇಲೆ ಮಲಗಿಸಿ, ಹೊಸ್ತಿಲು ದಾಟಿ, ಇದನ್ನ ಹಾಡ್ಕೊಂಡು ನಡೆದೆ. ಅವಳು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡಳು."

ಮೇರಿಮ್‌ಳ ಕಣ್ಣು ತುಂಬಿತು. ಮುದುಕಿಯ ಕೈ ಹಿಡಿಯಲು ಹೋದಳು. ಮುದುಕಿ ಕೈ ಹಿಂದೆಗೆದುಕೊಂಡರು.

"ತಾಳು. ಅಳೋದು ಆಮೇಲೆ. ಮಾತು ಯಾರದ್ದು ಅಂತ ಬರೆಸಿದೀಯ, ತಾಲಾಯ್?"

"ನನ್ನದು ಅಂತ, ಅಪಾ."

"ನೀನು?"

ಮೇರಿಮ್ ತಲೆ ತಗ್ಗಿಸಿದಳು. "ನನ್ನದು ಅಂತಲೇ. ಅಜ್ಜಿ ತೀರ್ಕೊಂಡಿದ್ರು, ಅದಕ್ಕೆ..."

"ನಾನು ತೀರ್ಕೊಂಡಿಲ್ಲ," ಎಂದರು ಸೋನುನ್ ಅಪಾ. "ಕೂಸನ್ನ ಕಿತ್ಕೊಂಡ್ರು, ಕೊಟ್ಟೆ. ಮನೆ ಬಿಡು ಅಂದ್ರು, ಬಿಟ್ಟೆ. ಆ ಮನೇಲಿ ಯಾರೂ ಮುಟ್ಟೋಕೆ ಆಗದೇ ಇದ್ದದ್ದು ಈ ಹಾಡೊಂದೇ. ಇದನ್ನ ನಾನು ಯಾರಿಗೂ ಕೊಟ್ಟಿಲ್ಲ. ನಾಳೆ ಚೌಕದಲ್ಲಿ ಇವನೂ ಹಾಡೋ ಹಾಗಿಲ್ಲ, ನೀನೂ ಹಾಡೋ ಹಾಗಿಲ್ಲ."

ಅವರು ಜಂಗಿಲ್ ಎಜೆಯ ಕಡೆ ತಿರುಗಿದರು. ಬೆನ್ನು ಮತ್ತೆ ನೆಟ್ಟಗಾಗಿತ್ತು.

"ಕಳ್ಳರನ್ನ ಹಿಡಿಯೋದು ನಿನ್ನ ಕೆಲಸ ತಾನೇ? ಹಾಗಾದ್ರೆ ನನ್ನ ದೂರೂ ತಗೋ. ನನ್ನ ಹಾಡು ಕಳ್ಳತನ ಆಗಿದೆ. ಕದ್ದವರು ಇಬ್ಬರು. ಒಬ್ಬ ನನ್ನ ಮಗ, ಇನ್ನೊಬ್ಬಳು ನನ್ನ ಮೊಮ್ಮಗಳು."